ಕರಾವಳಿ ದಾರಿ, ಒಂದು ಹ್ವಾಯ್

ಈ ವಿಷಯ ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದಿದ್ದೇನೆ. ಮೊದಲು ತಂಗಿಯ ಮದುವೆ ಮುಗಿಯಲಿ ಅಂದುಕೊಂಡೆ. ಆಮೇಲೆ ಅವಳ ಮಕ್ಕಳು ದೊಡ್ಡವರಾಗಲಿ ಅಂದುಕೊಂಡೆ. ಅವಳ ಗಂಡ ತೀರಿಕೊಂಡಾಗ, ದುಃಖದಲ್ಲಿರುವವಳಿಗೆ ಈಗ ಯಾಕೆ ಅಂತ ಸುಮ್ಮನಾದೆ. ಸುಮ್ಮನಿರುವುದಕ್ಕೆ ಒಳ್ಳೆಯ ಕಾರಣ ಹುಡುಕುವುದು ನನಗೆ ಯಾವತ್ತೂ ಕಷ್ಟವಾಗಿಲ್ಲ. ಈಗ ನಾವೆಲ್ಲ ಸೇರಿ ಕರಾವಳಿಯ ಹೆದ್ದಾರಿಯಲ್ಲಿ ಹೋಗಿಬರುವ ಏರ್ಪಾಡು ನಡೆದಿದೆ. ತಂಗಿಯೂ ಬರುತ್ತಿದ್ದಾಳೆ. ಹೊರಡುವ ಮೊದಲೇ ಇದನ್ನು ಹೇಳದಿದ್ದರೆ ಇನ್ನು ಹೇಳುವುದೇ ಇಲ್ಲ.

ಏರ್ಪಾಡು ಶುರುವಾದದ್ದು ನನ್ನ ಮಗಳಿಂದ. ಅವಳ ಮನೆ ವಿಜಯನಗರದಲ್ಲಿ. ಹೊಸ ಕಾರು ತೆಗೆದುಕೊಂಡ ಮೇಲೆ ಅದನ್ನು ಮಾಗಡಿ ರಸ್ತೆಯ ಟ್ರಾಫಿಕ್ಕಿನಲ್ಲಿ ತೆವಳಿಸಿದ್ದು ಬಿಟ್ಟರೆ ಬೇರೇನೂ ಮಾಡಿಲ್ಲ ಅನ್ನುವ ಕೊರಗು ಅವಳಿಗೆ. ಘಟ್ಟ ಇಳಿದು ಮಂಗಳೂರು ಸೇರಿ, ಅಲ್ಲಿಂದ ಕಡಲನ್ನು ಪಕ್ಕದಲ್ಲಿಟ್ಟುಕೊಂಡು ಕಾರವಾರದವರೆಗೆ ಹೋಗೋಣ ಅಂದಳು. ನನ್ನ ಹೆಂಡತಿ ಒಂದೇ ಷರತ್ತು ಹಾಕಿದಳು, ಓಡಬಾರದು. ನಾವು ಇಲ್ಲಿಯವರೆಗೆ ಮಾಡಿದ ಪ್ರವಾಸಗಳೆಲ್ಲ ಟೂರಿಸ್ಟ್ ಬಸ್ಸಿನವು. ಇಳಿ, ಕೈಮುಗಿ, ಹತ್ತು. ಒಂದು ಸಲ ರಾಮೇಶ್ವರದಲ್ಲಿ ಅವಳು ಸಮುದ್ರದ ದಂಡೆಯಲ್ಲಿ ಕೂತು ಕಾಲಿನ ಮರಳು ಒರೆಸಿಕೊಳ್ಳುವಷ್ಟರಲ್ಲಿ ಡ್ರೈವರು ಹಾರ್ನ್ ಹೊಡೆದು ಎಬ್ಬಿಸಿದ್ದ. ಈ ಸಲ ನಿಲ್ಲಿಸು ಅಂದ ಕಡೆ ಕಾರು ನಿಲ್ಲಬೇಕು, ಸಾಕು ಅನ್ನುವವರೆಗೆ ನಿಂತಿರಬೇಕು ಅಂದಳು.

ನನಗೆ ಮೊದಲಿನಿಂದಲೂ ಎಲ್ಲದರ ಬಗ್ಗೆಯೂ ಪ್ರಶ್ನೆ. ಓದಿದ್ದು ಎಸ್ಸೆಸ್ಸೆಲ್ಸಿ. ರಾಜಾಜಿನಗರದ ಕೈಗಾರಿಕಾ ವಸಾಹತಿನ ಒಂದು ಸಣ್ಣ ಕಾರ್ಖಾನೆಯಲ್ಲಿ ಫಿಟ್ಟರಾಗಿ ಸೇರಿ ಅಲ್ಲೇ ನಿವೃತ್ತನಾದೆ. ಹೊಸ ಮೆಷಿನ್ ಬಂದರೆ ಅದರ ಹೊಟ್ಟೆಯೊಳಗೆ ಏನಿದೆ ಅಂತ ನೋಡುವವರೆಗೆ ನನಗೆ ಊಟ ಸೇರುತ್ತಿರಲಿಲ್ಲ. ಈ ದಾರಿಯ ವಿಷಯದಲ್ಲೂ ಹಾಗೇ ಆಯಿತು. ಉಪ್ಪುಗಾಳಿಗೆ ಸೇತುವೆಯ ಕಬ್ಬಿಣ ಎಷ್ಟು ವರ್ಷ ಬಾಳುತ್ತದೆ? ಘಟ್ಟದಿಂದ ಇಳಿದ ಅಷ್ಟೊಂದು ಹೊಳೆಗಳನ್ನು ದಾಟುವಾಗ ಇದು ಹೊಳೆಯ ನೀರು, ಇದು ಕಡಲಿನದು ಅಂತ ಬಣ್ಣದಲ್ಲಿ ಗೊತ್ತಾಗುತ್ತದೆಯೇ? ಕಡಲ ಪಕ್ಕದ ರಸ್ತೆ ಅನ್ನುತ್ತಾರೆ, ಮತ್ತೆ ನಕಾಶೆಯಲ್ಲಿ ಬಹಳ ಕಡೆ ಅದು ಕಡಲಿಗೆ ಬೆನ್ನು ತಿರುಗಿಸಿಕೊಂಡು ಒಳಗೆ ಹೋಗುವುದು ಯಾಕೆ? ಕಾರು ಉತ್ತರಕ್ಕೆ ಹೋಗುವಾಗ ಕಡಲು ಎಡಗಡೆ ಬರುತ್ತದೆ, ಹಾಗಾದರೆ ಎಡಗಿಟಕಿ ಯಾರಿಗೆ? ಈ ಕೊನೆಯ ಪ್ರಶ್ನೆಗೆ ಹೆಂಡತಿ ತಕ್ಷಣ ಉತ್ತರ ಕೊಟ್ಟಳು. ಎಡಗಿಟಕಿ ಅವಳ ನಾದಿನಿಗಂತೆ, ಅಂದರೆ ನನ್ನ ತಂಗಿಗೆ. ಆಗಲೇ ಫೋನ್ ಮಾಡಿ ಕರೆದಾಗಿತ್ತು. ಚಂದ್ರಾ ಲೇಔಟಿನ ಮನೆಯಲ್ಲಿ ಒಬ್ಬಳೇ ಇರುತ್ತಾಳೆ, ಬರಲಿ ಅಂದಳು.

ಅಲ್ಲಿಂದ ನನ್ನ ಪ್ರಶ್ನೆಗಳು ನಿಂತವು. ದಾರಿಯನ್ನು ಬೇರೆ ಕಡೆ ತಿರುಗಿಸುವುದು ಹೇಗೆ ಅಂತ ಯೋಚಿಸತೊಡಗಿದೆ.

ಕಾರಣ ಹಳೆಯದು. ನಮ್ಮ ತಂದೆ ಬೇಗ ಹೋದರು. ಕುರುಬರಹಳ್ಳಿಯ ನಮ್ಮ ಮನೆಯಲ್ಲಿ ನಾನೇ ಯಜಮಾನ. ತಂಗಿ ಟೈಪಿಂಗ್ ಕಲಿತು ಒಂದು ಆಫೀಸಿಗೆ ಹೋಗುತ್ತಿದ್ದಳು. ಅಲ್ಲಿ ಲೆಕ್ಕಪತ್ರ ನೋಡುವ ಹುಡುಗನೊಬ್ಬನಿದ್ದ, ಕುಂದಾಪುರದ ಕಡೆಯವನು. ಅವನ ಮಾತು ನಮ್ಮ ಮನೆಗೆ ಬಂದದ್ದು ಒಂದು ರಸ್ತೆಯ ಮೂಲಕ. ಅವರ ಊರಿನ ಹತ್ತಿರ ಮರವಂತೆ ಅಂತ ಇದೆಯಂತೆ, ಅಲ್ಲಿ ರಸ್ತೆಯ ಒಂದು ಪಕ್ಕಕ್ಕೆ ಸಮುದ್ರ, ಇನ್ನೊಂದು ಪಕ್ಕಕ್ಕೆ ಹೊಳೆಯಂತೆ ಅಂತ ತಂಗಿ ಊಟಕ್ಕೆ ಕೂತಾಗ ಹೇಳಿದಳು. ನಾನು ನಕ್ಕೆ. ಹಾಗಿದ್ದರೆ ಅಲೆ ಬಂದಾಗ ರಸ್ತೆಯನ್ನು ಮಡಿಸಿ ಒಳಗಿಡುತ್ತಾರಾ ಅಂತ ಕೇಳಿದೆ. ಅವಳು ತಟ್ಟೆ ಎತ್ತಿಕೊಂಡು ಒಳಗೆ ಹೋದಳು. ಆಮೇಲೆ ಹೆಂಡತಿ ನನಗೆ ಮೆಲ್ಲಗೆ ತಿಳಿಸಿದಳು, ಹುಡುಗ ಮದುವೆಯ ಮಾತಿಗೆ ಬರುತ್ತಾನಂತೆ, ನೀವು ಸ್ವಲ್ಪ ಸಮಾಧಾನವಾಗಿ ಮಾತಾಡಿ. ನನಗೂ ಅಂಥ ವಿರೋಧವೇನೂ ಇರಲಿಲ್ಲ. ನೋಡೋಣ ಅಂದಿದ್ದೆ.

ಅವನು ಒಂದು ಭಾನುವಾರ ಬಂದ. ನಾನು ಮನೆ ಮುಂದೆ ಸ್ಕೂಟರ್ ಬಿಚ್ಚಿಕೊಂಡು ಗೇಟಿಗೆ ಬೆನ್ನು ಮಾಡಿ ಕೂತಿದ್ದೆ. ಅಕ್ಕಪಕ್ಕದವರು ಹೊರಗೇ ಇದ್ದರು. ಹಿಂದಿನಿಂದ ದನಿ ಕೇಳಿತು.

"ಹ್ವಾಯ್, ಒಳಗೆ ಬರ್ಲಕ್ಕಾ?"

ನಮ್ಮ ಕಡೆ ಹೋಯ್ ಅನ್ನುವುದು ಹೊಲಕ್ಕೆ ನುಗ್ಗಿದ ದನಕ್ಕೆ. ಮನುಷ್ಯನಿಗೆ ಅಂದರೆ ಕಾಲು ಕೆದರಿ ಜಗಳಕ್ಕೆ ಕರೆದ ಹಾಗೆ. ಅದು ಸಾಲದು ಅಂತ ನನ್ನನ್ನು ಅಕ್ಕಾ ಅಂದ. ಕೈಗೆ ಗ್ರೀಸ್ ಮೆತ್ತಿಕೊಂಡು ಕೂತ, ಮೀಸೆ ಹೊತ್ತ ಗಂಡಸನ್ನು ಅಕ್ಕ ಅನ್ನುತ್ತಾನಲ್ಲ ಅಂತ ಎದುರುಮನೆಯವರು ಕಿಸಕ್ಕನೆ ನಕ್ಕರು. ಆ ನಗುವೇ ನನ್ನನ್ನು ಎಬ್ಬಿಸಿತು. ಮರ್ಯಾದೆ ಗೊತ್ತಿಲ್ಲದವನಿಗೆ ಕೊಡುವುದಕ್ಕೆ ನಮ್ಮ ಮನೆಯಲ್ಲಿ ಹೆಣ್ಣಿಲ್ಲ ಅಂತ ಬೀದಿಗೆಲ್ಲ ಕೇಳುವ ಹಾಗೆ ಅಂದೆ. ಅವನು ಏನೋ ಹೇಳಲು ಬಾಯಿ ತೆರೆದ, ನಾನು ಗೇಟು ಹಾಕಿದೆ. ಅವನು ಬಗ್ಗಿ ಚಪ್ಪಲಿ ಮೆಟ್ಟಿಕೊಂಡದ್ದು ನೋಡಿದೆ. ರಸ್ತೆಯ ಮೇಲೇ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಗೇಟಿನ ಹತ್ತಿರ ಬಂದು ನಿಂತಿದ್ದ. ಮರ್ಯಾದೆ ಗೊತ್ತಿಲ್ಲದವನು ಹಾಗೆ ಯಾಕೆ ಮಾಡುತ್ತಾನೆ ಅನ್ನುವ ಪ್ರಶ್ನೆ ನನಗೆ ಬರಬೇಕಿತ್ತು. ಮೆಷಿನ್ನಿನ ಹೊಟ್ಟೆಯೊಳಗಿನದನ್ನೆಲ್ಲ ಕೇಳುವವನಿಗೆ ಇದೊಂದು ಬರಲಿಲ್ಲ.

ಮಾರನೆಯ ದಿನ ತಂಗಿಗೆ ಆಫೀಸಿಗೆ ಹೋಗುವುದು ಬೇಡ ಅಂದೆ. ಅವಳು ಕಟ್ಟಿಕೊಂಡಿದ್ದ ಊಟದ ಡಬ್ಬಿ ಬಿಚ್ಚಿಟ್ಟಳು.

ಇಷ್ಟು ಮಾತ್ರವಾಗಿದ್ದರೆ ಇದು ತಿಳಿಯದೆ ಮಾಡಿದ ತಪ್ಪು. ನಾನು ಹೇಳಲು ಹೊರಟಿರುವುದು ಇದರ ನಂತರದ್ದು.

ಕೆಲವು ತಿಂಗಳಾದ ಮೇಲೆ ಕಾರ್ಖಾನೆಯ ಹತ್ತಿರದ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ. ಗಲ್ಲಾಪೆಟ್ಟಿಗೆಯ ಮುಂದೆ ಕೂತ ಹೋಟೆಲಿನ ಯಜಮಾನ ಬಾಗಿಲಲ್ಲಿ ಬಂದ ಒಬ್ಬ ಮುದುಕರನ್ನು ನೋಡಿ ಎದ್ದುನಿಂತು, ಹ್ವಾಯ್ ಬನ್ನಿ ಬನ್ನಿ ಅಂತ ಎರಡೂ ಕೈ ಮುಗಿದ. ದುಡ್ಡು ಕೊಡುವಾಗ, ಹಿರಿಯರನ್ನು ಹಾಗೆ ಕರೆಯಬಹುದಾ ಅಂತ ಕೇಳಿದೆ. ಅವನು ನಕ್ಕ. ನಿಮ್ಮಲ್ಲಿ ರೀ ಅನ್ನುವ ಹಾಗೆ ನಮ್ಮ ಕುಂದಾಪುರದ ಕಡೆ ಹ್ವಾಯ್, ಮರ್ಯಾದೆ ಕೊಡುವುದೇ ಹಾಗೆ ಅಂದ. ನಾನು ಅಷ್ಟಕ್ಕೆ ಬಿಡಲಿಲ್ಲ. ಬರ್ಲಕ್ಕಾ ಅಂದರೆ ಏನು ಅಂತಲೂ ಕೇಳಿದೆ. ಬರಬಹುದಾ ಅಂತ ಅರ್ಥ, ಅದರಲ್ಲಿ ಅಕ್ಕನೂ ಇಲ್ಲ ತಂಗಿಯೂ ಇಲ್ಲ ಅಂದ.

ಆಗ ಕೆಂಗೇರಿ ಕಡೆಯಿಂದ ತಂಗಿಗೆ ಒಂದು ಸಂಬಂಧ ಬಂದಿತ್ತು. ನೋಡಿಕೊಂಡು ಹೋಗಿದ್ದರು, ಅಷ್ಟೇ. ನಾವು ಮಾತು ಕೊಟ್ಟಿರಲಿಲ್ಲ. ಕುಂದಾಪುರದ ಹುಡುಗ ಇನ್ನೂ ಇದೇ ಊರಿನಲ್ಲಿ, ಅದೇ ಆಫೀಸಿನಲ್ಲಿದ್ದ. ನಾನು ಸಂಜೆ ಬಸ್ಸಿಳಿದು ಅವನ ಆಫೀಸಿನ ಮುಂದೆ ನಿಂತು, ತಪ್ಪು ತಿಳಿದುಕೊಂಡೆ ಕಣಪ್ಪ ಅಂದಿದ್ದರೆ ಮುಗಿಯುತ್ತಿತ್ತು. ಅದಕ್ಕೂ ಮೊದಲು ಮನೆಗೆ ಹೋಗಿ ತಂಗಿಗೆ ಹೇಳಬಹುದಿತ್ತು. ಮನೆಗೆ ಹೋದೆ. ಅವಳು ಅಂಗಳದಲ್ಲಿ ಒಗೆದ ಬಟ್ಟೆ ಮಡಿಸುತ್ತಿದ್ದಳು. ನನ್ನನ್ನು ನೋಡಿ ಕಾಫಿ ಬೇಕಾ ಅಂತ ಕೇಳಿದಳು. ಕುಡಿದು ಬಂದೆ ಅಂದೆ. ಅಷ್ಟೇ ಅಂದೆ. ಬೀದಿಯವರ ಮುಂದೆ ಕೂಗಾಡಿದ ಮೇಲೆ ಅದೇ ಬೀದಿಯವರ ಮುಂದೆ ಅವನನ್ನು ಕರೆದುಕೊಂಡು ಬರುವುದು ನನ್ನಿಂದ ಆಗಲಿಲ್ಲ. ಎರಡು ವಾರದಲ್ಲಿ ಕೆಂಗೇರಿಯವರಿಗೆ ಒಪ್ಪಿಗೆ ಹೇಳಿ ಕಳಿಸಿದೆ.

ಅವಳ ಗಂಡ ಒಳ್ಳೆಯ ಮನುಷ್ಯ. ಅವಳನ್ನು ಚೆನ್ನಾಗಿ ನೋಡಿಕೊಂಡ, ನಗಿಸುತ್ತಿದ್ದ. ಇಷ್ಟು ವರ್ಷ ನಾನು ಅಡಗಿಕೊಂಡದ್ದು ಅವನ ಒಳ್ಳೆಯತನದ ಹಿಂದೆ.

ಕಳೆದ ವಾರ ದಾರಿ ಗೊತ್ತುಮಾಡಲು ಎಲ್ಲರೂ ನಮ್ಮ ಮನೆಯಲ್ಲಿ ಸೇರಿದರು. ಮಗಳು ಫೋನನ್ನು ಮೇಜಿನ ಮೇಲಿಟ್ಟು ನಕಾಶೆ ತೆಗೆದಳು. ನಾನು ನನ್ನ ಹೊಸ ದಾರಿ ವಿವರಿಸಿದೆ. ಹುಬ್ಬಳ್ಳಿ ಮೇಲೆ ಹೋಗಿ ಕಾರವಾರಕ್ಕೆ ಇಳಿಯುವುದು, ಹೊನ್ನಾವರದವರೆಗೆ ಬಂದು ಅಲ್ಲಿಂದ ಜೋಗಕ್ಕೆ ಹತ್ತುವುದು. ಜೋಗದ ಆಸೆಗೆ ಹೆಂಡತಿ ಒಪ್ಪುತ್ತಾಳೆ ಅಂತ ನನ್ನ ಎಣಿಕೆ. ಹಾಗೆ ಹೋದರೆ ಮರವಂತೆ ಬಿಟ್ಟುಹೋಗುತ್ತದೆ, ಎಲ್ಲರೂ ನೋಡಲು ಹೋಗುವುದೇ ಅದನ್ನು ಅಂತ ಮಗಳು ತಕರಾರು ತೆಗೆದಳು. ಅಲ್ಲಿ ರಸ್ತೆ ಅಗೆದಿದ್ದಾರಂತೆ ಅಂತ ನಾನು ಸುಳ್ಳು ಹೇಳಿದೆ.

ತಂಗಿ ಕನ್ನಡಕ ಏರಿಸಿಕೊಂಡು, ಎರಡು ಬೆರಳಿನಿಂದ ನಕಾಶೆಯನ್ನು ಹಿಗ್ಗಿಸಿ, ಕಡಲಿಗೂ ಹೊಳೆಗೂ ನಡುವೆ ದಾರದಂತೆ ಕಾಣುವ ರಸ್ತೆಯ ಮೇಲೆ ಉಗುರಿಟ್ಟಳು.

"ಇಲ್ಲಿ ಒಂದು ದಿನ ಉಳ್ಕೊಳ್ಳಣ," ಅಂದಳು. ಆಮೇಲೆ ನನ್ನ ಮಗಳ ಕಡೆ ತಿರುಗಿ, "ನಿಮ್ಮಪ್ಪಂಗೆ ಭಯ ಕಣೇ. ಆ ಕಡೆಯೋರು ಮತ್ತೆ ಅಕ್ಕಾ ಅಂದ್ಬಿಟ್ರೆ?" ಅಂದಳು.

ಮೊದಲು ನಕ್ಕದ್ದು ನನ್ನ ಹೆಂಡತಿ. ಏನತ್ತೆ ಅದು ಅಂತ ಮಗಳು ಬಿಡಲಿಲ್ಲ. ತಂಗಿ ಅವತ್ತಿನದೆಲ್ಲ ಹೇಳಿದಳು, ನಾನು ಸ್ಪ್ಯಾನರ್ ಹಿಡಿದು ಎದ್ದದ್ದು, ಮೀಸೆ ಮುಟ್ಟಿಕೊಂಡದ್ದು, ಎಲ್ಲ ಅಭಿನಯಿಸಿ. ಹ್ವಾಯ್ ಅಂದರೆ ಏನು ಅಂತಲೂ ಹೇಳಿದಳು. ಅವಳ ಕಥೆಯಲ್ಲಿ ನಾನೊಬ್ಬ ಪೆದ್ದ. ಮಗಳು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು. ಅತ್ತೆಯ ಮುಖ ಒಂದು ಸಲ ನೋಡಿ ಆಮೇಲೆ ನಗು ನಿಲ್ಲಿಸಿದಳು.

ಹೆಂಡತಿಯೂ ಮಗಳೂ ಅಡುಗೆಮನೆಗೆ ಹೋದಾಗ ನಾನು ತಂಗಿಯನ್ನು ಕೇಳಿದೆ.

"ಅದರ ಅರ್ಥ ನಿಂಗೆ ಯಾವಾಗ ಗೊತ್ತಾಯ್ತು?"

"ಅವತ್ತೇ ಗೊತ್ತಿತ್ತಲ್ಲ. ಆಫೀಸಲ್ಲಿ ಅವ್ರು ಮ್ಯಾನೇಜರನ್ನೂ ಹಂಗೇ ಕರ್ದು ಬೈಸ್ಕೊಂಡಿದ್ರು."

"ಮತ್ತೆ ನಂಗ್ಯಾಕೆ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲಣ್ಣ."

ಅವಳು ನಕಾಶೆಯನ್ನು ಮತ್ತೆ ಚಿಕ್ಕದು ಮಾಡಿದಳು. ಅವಳ ಮಾತಿನಲ್ಲಿ ಸಿಟ್ಟಿರಲಿಲ್ಲ.

"ನಿಂಗೆ ಗೊತ್ತಿರ್ಲಿಲ್ಲ, ಹಂಗಂದ್ಬಿಟ್ಟೆ. ಗೊತ್ತಿದ್ದಿದ್ರೆ ನೀನು ಅಂಥವನಲ್ಲ. ನಾನು ಅದನ್ನೇ ಅಂದ್ಕೊಂಡು ಸಮಾಧಾನ ಮಾಡ್ಕೊಂಡೆ."

ಆಗ ಹೇಳಬೇಕಿತ್ತು. ನನ್ನ ಬಾಯಿಗೆ ಬಂದಿತ್ತು ಕೂಡ. ಹೆಂಡತಿ ಕಾಫಿ ತಂದಳು, ನಾನು ಮಗಳಿಗೆ ಟಯರಿನ ಗಾಳಿ ನೋಡಿಸು ಅಂತ ಹೇಳಿದೆ. ದಾರಿ ಮಂಗಳೂರಿನ ಮೇಲೆಯೇ ಅಂತ ಗೊತ್ತಾಯಿತು, ಮರವಂತೆಯ ಹತ್ತಿರ ಉಳಿಯುವುದಕ್ಕೆ ರೂಮನ್ನೂ ಹೇಳಿಯಾಯಿತು.

ಅಂದಿನಿಂದ ಯೋಚಿಸುತ್ತಿದ್ದೇನೆ. ಅವಳು ಕ್ಷಮಿಸಿರುವುದು ಏನೂ ತಿಳಿಯದ ಅಣ್ಣನನ್ನು. ಹೋಟೆಲಿನಿಂದ ಎಲ್ಲ ತಿಳಿದುಕೊಂಡು ಬಂದು ಕಾಫಿ ಕುಡಿದು ಬಂದೆ ಅಂದವನು ಅವಳಿಗೆ ಪರಿಚಯವೇ ಇಲ್ಲ. ಅಲ್ಲೇ ಕಡಲ ಮುಂದೆ ಕೂರಿಸಿ ಹೇಳೋಣ ಅಂತ ಒಂದು ಮನಸ್ಸು. ಆದರೆ ಅಷ್ಟು ದೂರ ಕರೆದುಕೊಂಡು ಹೋಗಿ ಹೇಳಿದರೆ ಅವಳು ಎಲ್ಲಿಗೆ ಎದ್ದುಹೋಗಬೇಕು? ಅದೇ ಕಾರಿನಲ್ಲಿ ನನ್ನ ಹಿಂದೆಯೇ ಕೂತು ವಾಪಸ್ಸು ಬರಬೇಕಾಗುತ್ತದೆ. ನನ್ನ ಜೊತೆ ಬರಬೇಕೋ ಬೇಡವೋ ಅನ್ನುವುದನ್ನು ಅವಳು ತನ್ನ ಮನೆಯಲ್ಲಿ, ತನ್ನ ಕುರ್ಚಿಯಲ್ಲಿ ಕೂತು ತೀರ್ಮಾನ ಮಾಡಲಿ. ಸಿಟ್ಟು ಬಂದರೆ ನನ್ನ ಮುಂದೆಯೂ ಅವಳು ಬಾಗಿಲು ಹಾಕಿಕೊಳ್ಳಬಹುದು. ಏನು ಮಾಡುತ್ತಾಳೋ ನನಗೆ ಗೊತ್ತಿಲ್ಲ. ಇಷ್ಟು ವರ್ಷದಲ್ಲಿ ಅವಳಿಗೆ ಏನನ್ನಿಸುತ್ತದೆ ಅಂತ ತಿಳಿದುಕೊಳ್ಳುವ ಆಸೆ ನನಗೆ ಹುಟ್ಟಿರುವುದು ಇದೇ ಮೊದಲು.

ಚಂದ್ರಾ ಲೇಔಟಿಗೆ ಹೋಗಲು ಅಂಗಿ ಹಾಕಿಕೊಂಡು ಕೂತು ಇದನ್ನು ಬರೆದಿದ್ದೇನೆ. ಆ ಹುಡುಗ ಈಗ ಎಲ್ಲಿದ್ದಾನೋ, ಸಿಕ್ಕರೆ ಅವನಿಗೂ ಕೈಮುಗಿಯುತ್ತೇನೆ. ಆದರೆ ಎಲ್ಲ ತಿಳಿದ ಮೇಲೂ ಎದುರಿಗೇ ಇಟ್ಟುಕೊಂಡು, ಅವಳ ಕೈಯಿಂದ ಉಂಡು, ತಪ್ಪಾಯಿತು ಅಂತ ಒಂದು ದಿನವೂ ನಾನು ಅನ್ನದೆ ಹೋದದ್ದು ನನ್ನ ಒಡಹುಟ್ಟಿದ ತಂಗಿಗೆ; ಮೊದಲು ಅವಳಿಗೆ.