ಮೀನಿನ ಬಾಲಕ್ಕೊಂದು ರಫೂ

ಕೆಲವರು ಮಾಡಿದ ಕೆಲಸ ಕಂಡರೆ ಹೆಸರು. ರಫೂ ಅಕ್ಕನಿಗೆ ಮಾತ್ರ ಕಾಣದಿದ್ದರೆ ಹೆಸರು. ಕೋಟೋ ಶಾಲೋ ಹರಿದಿದೆ ಎನ್ನಿ. ಅದೇ ಬಟ್ಟೆಯ ಅಂಚಿನಿಂದ ಒಂದೊಂದೇ ಎಳೆ ಬಿಡಿಸಿಕೊಂಡು, ಹರಿದ ಕಡೆ ಅಡ್ಡಕ್ಕೂ ಉದ್ದಕ್ಕೂ ಹೆಣೆದು ಕೊಡುತ್ತಾಳೆ. ಆಮೇಲೆ ಬಟ್ಟೆಯ ಯಜಮಾನರೇ "ಎಲ್ಲಿ ಹರಿದಿತ್ತು ಅಕ್ಕಾ?" ಎಂದು ಕೇಳಬೇಕು. ನಲವತ್ತು ವರ್ಷದಿಂದ ಇದೇ ಕೆಲಸ. ಮೆಟ್ಟಿಲ ಕೆಳಗಿನ ಅದೇ ಮೊಳದಗಲದ ಅಂಗಡಿ. ಒಂದು ಮೂಲೆಯಲ್ಲಿ ಅವಳ ನಾದಿನಿ ಇಸ್ತ್ರಿ ಮಾಡುತ್ತಾಳೆ. ಇಸ್ತ್ರಿಪೆಟ್ಟಿಗೆ ಆರಿದರೂ ನಾದಿನಿಯ ಬಾಯಿ ಆರುವುದಿಲ್ಲ.

ಪಕ್ಕದ್ದು ಗಡಿಯಾರ ರಿಪೇರಿಯ ಅಣ್ಣನ ಅಂಗಡಿ. ಹೆಂಡತಿ ಹೋದ ಮೇಲೆ ಅವರಿಗೆ ಜೊತೆಯೆಂದರೆ ಗಾಜಿನ ತೊಟ್ಟಿಯಲ್ಲಿದ್ದ ಒಂದು ನೀಲಿ ಬೆಟ್ಟಾ ಮೀನು. ಬೆರಳುದ್ದದ ಮೈ, ಮೈಗಿಂತ ದೊಡ್ಡ ಬಾಲ, ಗಾಳಿಗೆ ಹಾರುವ ರೇಷ್ಮೆಯ ಹಾಗೆ.

ಅಣ್ಣ ಎರಡೂ ಕಣ್ಣಿನ ಪೊರೆ ತೆಗೆಸಲು ಮಗಳ ಮನೆಗೆ ಹೊರಟರು. ತೊಟ್ಟಿಯನ್ನು ಅಕ್ಕನ ಮೇಜಿನ ಮೇಲೆ ಇಟ್ಟು, "ಒಂದೂವರೆ ತಿಂಗಳು, ತಂಗಿ. ಇವನನ್ನ ನಿನ್ನ ಕೈಗೆ ಒಪ್ಪಿಸಿದೀನಿ" ಎಂದರು.

"ಹೋಗ್ಬನ್ನಿ ಅಣ್ಣಾ. ಇದ್ದ ಹಾಗೇ ವಾಪಸ್ ಕೊಡ್ತೀನಿ."

ಕೊಟ್ಟ ಮಾತು ಹಾಗೇ ಇಟ್ಟುಕೊಂಡು ಸುಮ್ಮನಿದ್ದಿದ್ದರೆ ಈ ಕಥೆಯೇ ಇರುತ್ತಿರಲಿಲ್ಲ. ತೊಟ್ಟಿಯಲ್ಲಿ ಒಂದು ಕರಿಕಲ್ಲು ಬಿಟ್ಟರೆ ಏನೂ ಇಲ್ಲವಲ್ಲ, ಪಾಪ, ಬೋಳಾಗಿದೆ ಎಂದು ಅಕ್ಕ ಒಂದು ಹಸಿರು ಪ್ಲಾಸ್ಟಿಕ್ ಗಿಡ ತಂದು ನೆಟ್ಟಳು. ಮೂರನೆಯ ದಿನ ಬಂದು ನೋಡಿದರೆ ಬಾಲ ಮೂರು ಕಡೆ ಸೀಳಿದೆ. ಮೀನು ತಳದಲ್ಲಿ ಸುಮ್ಮನೆ ಮಲಗಿದೆ. ಕಾಳು ಹಾಕಿದರೆ ತಿರುಗಿಯೂ ನೋಡಲಿಲ್ಲ.

ಅಕ್ಕ ಕತ್ತರಿ ಕೆಳಗಿಟ್ಟಳು. ಗಿಡವನ್ನು ಹೊರತೆಗೆದು, ಚೂರು ರೇಷ್ಮೆ ಬಟ್ಟೆಯನ್ನು ಅದರ ಎಲೆಗಳ ಮೇಲೆ ಮೆಲ್ಲಗೆ ಎಳೆದಳು. ಸರಕ್ಕೆಂದು ಸಿಕ್ಕಿ ಎಳೆ ಕಿತ್ತು ಬಂತು.

"ರೇಷ್ಮೆ ಹಿಡಿದ ಕೈ ಕಣೇ ಇದು. ತೊಟ್ಟಿಗೆ ಹಾಕೋ ಮುಂಚೆ ಒಂದ್ಸಲ ಸವರಿ ನೋಡ್ಬಾರದಿತ್ತಾ ನಾನು?"

"ಸುಮ್ನಿರಲಾರದೆ ಇರುವೆ ಬಿಟ್ಕೊಂಡ್ರು ಅಂತಾರಲ್ಲ, ಹಾಗಾಯ್ತು ಅತ್ತಿಗೆ. ಸೂಜಿ ತಗೊಳ್ಳಿ, ಹೊಲಿದುಬಿಡಿ ಮತ್ತೆ!" ಎಂದಳು ನಾದಿನಿ. ಅತ್ತಿಗೆಯ ಮುಖ ನೋಡಿ, ದನಿ ತಗ್ಗಿಸಿ, "ಇಂಥದ್ದೇ ಇನ್ನೊಂದು ನೀಲಿ ಮೀನು ತಂದಿಟ್ರೆ ಆಯ್ತಪ್ಪ. ಅವರಿಗೇನು ಗೊತ್ತಾಗತ್ತೆ?"

"ಹರಿದ ಬಟ್ಟೆ ಕೊಟ್ಟೋರಿಗೆ ಬೇರೆ ಬಟ್ಟೆ ಕೊಟ್ಟು ಕಳಿಸಿದೀನಾ ನಾನು ಯಾವತ್ತಾದ್ರೂ?"

ನಾದಿನಿ ಇಸ್ತ್ರಿಪೆಟ್ಟಿಗೆಯತ್ತ ತಿರುಗಿದಳು.

ಅಕ್ವೇರಿಯಂ ಅಂಗಡಿಯವನು ಎಲ್ಲ ಕೇಳಿ, "ಔಷಧಿ ಸುರೀಬೇಡಿ ಅಮ್ಮಾ. ನೀರು ಚೊಕ್ಕ ಇರ್ಲಿ, ಬೆಚ್ಚಗಿರ್ಲಿ. ನಲ್ಲಿ ನೀರನ್ನ ಒಂದು ದಿನ ಬಕೆಟ್‌ನಲ್ಲಿ ಹಾಗೇ ಬಿಟ್ಟು ಆಮೇಲೆ ಹಾಕಿ. ಒಂದೇ ಸಲಕ್ಕೆ ಎಲ್ಲಾ ಬದಲಾಯಿಸ್ಬೇಡಿ, ಸ್ವಲ್ಪ ಸ್ವಲ್ಪ. ಮಿಕ್ಕಿದ್ದು ಅದೇ ಮಾಡ್ಕೊಳ್ಳತ್ತೆ" ಎಂದ.

ಮಿಕ್ಕಿದ್ದು ಅದೇ ಮಾಡಿಕೊಳ್ಳುತ್ತದೆ! ಎಲ್ಲವನ್ನೂ ತನ್ನ ಕೈಯಲ್ಲೇ ಸರಿಮಾಡಿ ರೂಢಿಯಿದ್ದವಳಿಗೆ ಕೈಕಟ್ಟಿ ಕಾಯುವುದೇ ಕಷ್ಟದ ಕೆಲಸ. ಆದರೂ ಕಾದಳು. ದಿನ ಬಿಟ್ಟು ದಿನ ಒಂದು ಚೊಂಬು ಹಳೆ ನೀರು ತೆಗೆದು, ಒಂದು ಚೊಂಬು ಹೊಸ ನೀರು ಹುಯ್ಯುವಳು. ಹುಯ್ಯುವ ಮುಂಚೆ ಮಗುವಿನ ಸ್ನಾನದ ನೀರು ನೋಡುವಂತೆ ಎರಡರಲ್ಲೂ ಬೆರಳದ್ದಿ ನೋಡುವಳು. ತಿನ್ನದೆ ಉಳಿದ ಕಾಳನ್ನು ಚಮಚದಲ್ಲಿ ಎತ್ತುವಳು. ಐದನೆಯ ದಿನ ಮೀನು ಮೇಲೆ ಬಂದು ಒಂದು ಕಾಳು ನುಂಗಿತು. "ಉಂಡ ಕಣೇ!" ಎಂದು ಅಕ್ಕ ಕೂಗಿದ ರಭಸಕ್ಕೆ ನಾದಿನಿ ಯಾರದೋ ಅಂಗಿಯ ಕಾಲರ್ ಸುಟ್ಟಳು.

ಮೂರನೆಯ ವಾರ ಸೀಳಿನ ಅಂಚಿನಲ್ಲಿ ಹೊಸ ಪೊರೆ ಚಿಗುರಿತ್ತು. ಸೀಳು ಕೂಡಿಕೊಳ್ಳುತ್ತ ಬಂತು, ನಿಜ. ಆದರೆ ಚಿಗುರಿದ್ದಕ್ಕೆ ಬಣ್ಣವಿಲ್ಲ, ಗಾಜಿನ ಹಾಗೆ ಪಾರದರ್ಶಕ. ನೀಲಿ ಬಾಲದಲ್ಲಿ ಮೂರು ತಿಳಿ ಗೆರೆ. ಊರಿಗೆಲ್ಲ ಕಾಣದ ರಫೂ ಹಾಕಿಕೊಟ್ಟವಳ ಮೇಜಿನ ಮೇಲೆ ಎಲ್ಲರಿಗೂ ಕಾಣುವ ರಫೂ.

ಅಣ್ಣ ಬಂದರು. ಹೊಸ ಕಣ್ಣು, ಹೊಸ ಹುರುಪು. ತೊಟ್ಟಿಗೆ ಮೂಗು ತಾಗಿಸಿ, "ಅಬ್ಬಾ, ಎಂಥಾ ನೀಲಿ! ಪೊರೆ ಬಂದ ಮೇಲೆ ಇವನು ನನಗೆ ಬರೀ ಒಂದು ಚುಕ್ಕೆ ಆಗಿದ್ದ, ತಂಗಿ" ಎಂದರು. ಗೆರೆ ಅವರ ಕಣ್ಣಿಗೆ ಬೀಳಲೇ ಇಲ್ಲ. ನಾದಿನಿ 'ಸುಮ್ಮನಿರಿ' ಎಂದು ಕಣ್ಣು ಮಿಟುಕಿಸಿದಳು.

ಅಕ್ಕ ಗಾಜಿನ ಮೇಲೆ ಬೆರಳಿಟ್ಟಳು. "ಇಲ್ಲಿ ನೋಡಿ ಅಣ್ಣಾ. ಇಲ್ಲಿ, ಇಲ್ಲಿ, ಮತ್ತೆ ಇಲ್ಲಿ. ಮೂರು ಕಡೆ ಹರಿದಿತ್ತು. ನಾನು ಹಾಕಿದ ಗಿಡದಿಂದ. ಅದರ ಮೇಲೆ ರೇಷ್ಮೆ ಚೂರು ಸವರಿದ್ರೆ ಎಳೆನೇ ಕಿತ್ತು ಬಂತು."

ಅಣ್ಣ ಗಡಿಯಾರ ನೋಡುವ ಭೂತಗನ್ನಡಿಯನ್ನು ಕಣ್ಣಿಗೇರಿಸಿ ಬಹಳ ಹೊತ್ತು ನೋಡಿದರು. ಮುನಿದು ತೊಟ್ಟಿಯನ್ನು ತಮ್ಮ ಕಡೆಗೆ ಎಳೆದುಕೊಳ್ಳಲಿಲ್ಲ.

"ತಂಗಿ, ಆ ಕರಿಕಲ್ಲು ನಾನೇ ಹಾಕಿದ್ದು. ಅದಕ್ಕೆ ಸಿಕ್ಕಿಯೂ ಹರಿದಿರಬಹುದು. ನಿನ್ನ ರೇಷ್ಮೆ ಚೂರು ತಗೊಂಡು ಅದನ್ನೂ ಒಂದ್ಸಲ ಸವರಿಬಿಡು."

"ಅವತ್ತೇ ನೋಡಾಯ್ತು ಅಣ್ಣಾ. ಒಂದೆಳೆನೂ ಸಿಕ್ಕಲಿಲ್ಲ."