ಕಸರಾಣಿಯ ನಲವತ್ತು ನಿಂಬೆ ಸಸಿಗಳು

ಕಸರಾಣಿ ತೀರಿಕೊಂಡು ಇಂದಿಗೆ ಹದಿನಾರು ದಿನ. ಸಸಿತೋಟದ ಗೋಡೆಯಾಚೆ ಬಡಗಿಯ ಗರಗಸ ಎಂದಿನಂತೆ ಹೊಟ್ಟು ಉದುರಿಸುತ್ತಿದೆ. ಚೀಲ ಹಿಡಿದು ಓಡಿಬರುವವಳಿಲ್ಲ. ಅವಳ ವಿಷಯ ಅಳುತ್ತ ಹೇಳಿದರೆ ಅವಳಿಗೇ ಸೇರುತ್ತಿರಲಿಲ್ಲ. ನಿಂಬೆ ಸಸಿಗಳ ಆ ದಿನವನ್ನೇ ಹೇಳಬೇಕು.

ಕಸರಾಣಿ ಎಂದು ಹೆಸರಿಟ್ಟವಳು ಅವಳ ಅಕ್ಕ, ಸಸಿತೋಟದ ಒಡತಿ. ಹೋಟೆಲಿನ ಟೀ ಚರಟ, ತರಕಾರಿ ಸಿಪ್ಪೆ, ಬಡಗಿಯ ಮರದ ಹೊಟ್ಟು, ತಂಗಿಯ ಕಣ್ಣಿಗೆ ಬಿದ್ದದ್ದೆಲ್ಲ ಹಿತ್ತಲ ರಾಶಿ ಸೇರುತ್ತಿತ್ತು. ಮಣ್ಣಿಲ್ಲದೆ ಅದರಲ್ಲೇ ಹಣ್ಣಿನ ಗಿಡ ಎಬ್ಬಿಸುತ್ತೇನೆಂಬುದು ಅವಳ ಹಟ. ಮೊದಲ ಸಲ ಆತುರಪಟ್ಟಳು. ರಾಶಿ ಒಳಗೊಳಗೇ ಕುದಿಯುತ್ತಿದ್ದಾಗಲೇ ಸಸಿಯ ಚೀಲಗಳಿಗೆ ತುಂಬಿದಳು; ಎಳೆ ಬೇರು ಬೆಂದು ಇಡೀ ಸಾಲು ಹಳದಿಯಾಗಿ ಸತ್ತಿತು.

"ಇನ್ನೊಂದೇ ಸಲ. ನಲವತ್ತು ಚೀಲ ಕೊಡ್ತೀನಿ. ಇವೂ ಕೈಕೊಟ್ರೆ ನಿನ್ನ ರಾಶಿ ಲಾರಿ ಹತ್ತತ್ತೆ, ನೀನು ಬಾಯಿ ಮುಚ್ಕೊಂಡು ಮಣ್ಣು ಹೊರಬೇಕು," ಎಂದಳು ಅಕ್ಕ.

ಈ ಸಲ ಕಸರಾಣಿ ಆರು ತಿಂಗಳು ಕಾದಳು. ದಿನವೂ ರಾಶಿಯೊಳಗೆ ಮೊಣಕೈವರೆಗೆ ಕೈ ತೂರಿಸಿ ಕಣ್ಣು ಮುಚ್ಚಿ ನಿಲ್ಲುವಳು.

"ಜ್ವರ ಇಳೀತಾ ಡಾಕ್ಟ್ರಮ್ಮಾ?" ಗೋಡೆಯ ಮೇಲಿಂದ ಬಡಗಿಯ ತಲೆ.

"ಎಲ್ಲಿ ಇಳಿಯತ್ತೆ? ನಿಮ್ಮ ಹೊಟ್ಟಿಗೂ ನಿಮ್ಮಷ್ಟೇ ಕೊಬ್ಬು!"

ಕೈ ತಣ್ಣಗೆ ಹೊರಬಂದ ಬೆಳಿಗ್ಗೆ ಚೀಲ ತುಂಬಿ ನಿಂಬೆ ಬೀಜ ಊರಿದಳು. ನಾಲ್ಕು ತಿಂಗಳಿಗೆ ಸಸಿಗಳು ಗೇಣುದ್ದ ಎದ್ದವು, ನಲವತ್ತಕ್ಕೆ ನಲವತ್ತೂ.

"ಮೇಲೆ ಹಸಿರಾಗಿದ್ರೆ ಆಯ್ತಾ? ಬೇರು ತೋರ್ಸು," ಎಂದು ಅಕ್ಕ ಬ್ಲೇಡು ತೆಗೆದಳು. ಹೋಲಿಸಲು ಮೊದಲು ತೋಟದ ಮಾಮೂಲಿ ಮಣ್ಣಿನ ಚೀಲವೊಂದನ್ನು ಸೀಳಿದಾಗ ಅರ್ಧ ಮಣ್ಣು ಉದುರಿ, ತಳದಲ್ಲಿ ಸುತ್ತಿಕೊಂಡ ನಾಲ್ಕು ಬೇರು ಕಂಡವು. ಆಮೇಲೆ ತಂಗಿಯದ್ದು. ಚೀಲ ಕಳಚಿ ಬಿತ್ತು, ಒಳಗಿನದು ಹಾಗೇ ನಿಂತಿತು! ನೂಲಿನಷ್ಟು ಸಣ್ಣ ಬಿಳಿ ಬೇರುಗಳು ಕಪ್ಪು ಪುಡಿಯನ್ನೆಲ್ಲ ಬಲೆಯಂತೆ ಹಿಡಿದಿದ್ದವು. ಅಕ್ಕ ಅಲ್ಲಾಡಿಸಿದಳು. ಚಿಟಿಕೆಯಷ್ಟೂ ಉದುರಲಿಲ್ಲ. ಅಂಗೈಯಲ್ಲಿಟ್ಟು ತೂಗಿದಳು.

"ಇಷ್ಟು ಹಗುರಾನಾ!"

ಕಸರಾಣಿ ಕೂಗಿದ ಕೂಗಿಗೆ ಬಡಗಿ ಉಳಿ ಬಿಸಾಕಿ ಗೋಡೆ ಹಾರಿ ಬಂದ. ಅಕ್ಕ ಆಗಲೇ ಮೂಲೆಯ ಬಕೆಟ್ಟು ಎತ್ತಿಕೊಂಡಿದ್ದಳು.

"ಆ ಹೋಟೆಲ್ನೋರು ಚರಟ ಎಷ್ಟೊತ್ತಿಗೆ ಚೆಲ್ತಾರೆ?"

"ಈಗ್ಲೇ. ಬಾಯಿ ಮುಚ್ಕೊಂಡು ಹೊರ್ತೀಯಾ?" ಎಂದಳು ತಂಗಿ.