ಕಂಬಳಿಯ ಸರದಿ

ನನ್ನ ಹೊಸ ಕಂಬಳಿಯ ಅಂಚನ್ನು ಬಸ್ಸಿನಲ್ಲಿ ಒಬ್ಬ ಅಪರಿಚಿತ ಮುಟ್ಟಿ ನೋಡಿದ. ನನಗೆ ಸಿಟ್ಟು ಬಂತು.

ಮೊನ್ನೆ ಬುಧವಾರದ ಮಾತು. ಯಲಬುರ್ಗಾದಿಂದ ಕೊಪ್ಪಳಕ್ಕೆ ಹೋಗುವ ಬೆಳಗಿನ ಮೊದಲ ಬಸ್ಸು. ಅರ್ಧ ಕಿಟಕಿಗಳಿಗೆ ಗಾಜಿಲ್ಲ, ಇದ್ದ ಗಾಜು ಮೇಲೇರುವುದಿಲ್ಲ. ನಾನು ಕಂಬಳಿ ಹೊದ್ದು ಬೆಚ್ಚಗೆ ಕೂತಿದ್ದೆ. ಪಕ್ಕದವನು ತಲೆ ಮೇಲೆ ಗೋಣಿಚೀಲದ ಕೊಪ್ಪೆ ಹಾಕಿಕೊಂಡು ಬಿಟ್ಟೂಬಿಡದೆ ಕೆಮ್ಮುತ್ತಿದ್ದ. ಅವನಾಚೆ ಹೆಂಡತಿ, ಮಡಿಲಲ್ಲಿ ಎಳೆಕೂಸು. ಅವನು ಕೈ ಚಾಚಿ ನನ್ನ ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ತಿಕ್ಕಿ ನೋಡಿದ. ನಾನು ಸರಕ್ಕನೆ ಎಳೆದುಕೊಂಡೆ. (ಸಿಟ್ಟಿಗಿಂತ ಹೆಚ್ಚಾಗಿ ಅವನ ಕೆಮ್ಮಿಗೆ ಹೆದರಿದ್ದೆ, ಸುಳ್ಳೇಕೆ ಹೇಳಲಿ?)

ಈ ಕಂಬಳಿಯ ಕಥೆ ಹೇಳದೆ ಮುಂದಿನದು ತಿಳಿಯುವುದಿಲ್ಲ.

ಅದರ ಹಿಂದಿನ ವಾರ ನಮ್ಮ ಕಡೆ ಹವೆಗೆ ತಲೆ ಕೆಟ್ಟಿತ್ತು, ನಿಮಗೂ ನೆನಪಿರಬೇಕು. ಸೋಮವಾರ ಬೇಸಿಗೆಯಂಥ ಬಿಸಿಲು. ಮಂಗಳವಾರ ಮಧ್ಯಾಹ್ನ ಮೂಡಲಿಂದ ಮೋಡ, ಸಂಜೆಗೆ ಜಿಟಿಜಿಟಿ ಮಳೆ. ಬುಧವಾರ ಸೂರ್ಯನ ಸುಳಿವೇ ಇಲ್ಲ. ಗುರುವಾರ ಹತ್ತು ಗಂಟೆವರೆಗೆ ಬಿಸಿಲು, ಆಮೇಲೆ ಮತ್ತೆ ಅದೇ ಮೋಡ, ಅದೇ ತುಂತುರು. ಶುಕ್ರವಾರ ಮೋಡವೇನೋ ಹರಿಯಿತು, ಹಿಂದೆಯೇ ಥಂಡಿ ಗಾಳಿ ಎದ್ದಿತು. ರೇಡಿಯೋದವರು ಮಾತ್ರ ದಿನಾ ಒಣಹವೆ ಎಂದೇ ಓದಿದರು. ದೀಪಾವಳಿ ಮುಗಿದು ಎರಡು ವಾರವಾಗಿತ್ತು ಅಷ್ಟೇ. ಚಳಿ ಬಿದ್ದರೆ ಬಿಳಿಜೋಳಕ್ಕೆ ಒಳ್ಳೆಯದು ಎಂದು ಚಹದಂಗಡಿಯಲ್ಲಿ ಎಲ್ಲರೂ ಖುಷಿಯಾಗಿದ್ದರು. ಜೋಳಕ್ಕೆ ಸರಿ. ಮನುಷ್ಯರಿಗೆ?

ಹೋದ ವರ್ಷದ ಚಳಿ ನನ್ನನ್ನು ಚೆನ್ನಾಗಿಯೇ ಹೆದರಿಸಿತ್ತು. ಅದಕ್ಕೇ ಬೇವೂರು ದಾರಿಯಲ್ಲಿರುವ ನೇಕಾರ ಬೀರಪ್ಪನಿಗೆ ಒಂದು ಕರಿಕಂಬಳಿ ಹೇಳಿದ್ದೆ. ಹೇಳಿದ್ದು ತಡವಾಗಿ, ಬೇಕಾಗಿದ್ದು ಬೇಗ. ನಮ್ಮಂಥವರ ರೀತಿಯೇ ಅದು.

ಕಂಬಳಿ ಅವಸರದ ಕೆಲಸವಲ್ಲ. ನೂಲನ್ನು ಬೀದಿಯುದ್ದಕ್ಕೂ ಎಳೆದು ಕಟ್ಟಿ, ಹುಣಸೆಬೀಜದ ಗಂಜಿ ಬಳಿದು, ಬಿಸಿಲಿಗೆ ಒಣಗಿಸಬೇಕು. ಒಣಗಿದ ಮೇಲೆಯೇ ಮಗ್ಗಕ್ಕೆ. ಗಂಜಿ ಹಸಿ ಇದ್ದಾಗ ಮಳೆ ಬಂದರೆ ತೊಳೆದು ಹೋಗುತ್ತದೆ. ಮೋಡ ಮುಚ್ಚಿಕೊಂಡರೆ ನೂಲು ಮುಗ್ಗಲು ಹಿಡಿಯುತ್ತದೆ. ನನ್ನ ನೂಲಿಗೆ ಗಂಜಿ ಬಳಿದದ್ದು ಆ ಮಂಗಳವಾರ. ಮುಂದೇನಾಯಿತೆಂದು ಬೇರೆ ಹೇಳಬೇಕೇ?

ಇದೆಲ್ಲ ನನಗಾಗ ಗೊತ್ತಿರಲಿಲ್ಲ. ಗೊತ್ತಿದ್ದರೂ ಸುಮ್ಮನಿರುತ್ತಿರಲಿಲ್ಲ ಅನ್ನಿ. ನಮ್ಮ ತಾಲೂಕು ಕಚೇರಿಯ ಜವಾನ ಖಾಸಿಂನನ್ನು ಮೂರು ಸಲ ಸೈಕಲ್ ಮೇಲೆ ಅಟ್ಟಿದೆ. "ಸಾಹೇಬ್ರು ಕೇಳ್ಯಾರ, ಜಲ್ದಿ ಆಗ್ಬೇಕಂತ" ಎಂದು ಮೂರು ಸಲವೂ ಹೇಳಿ ಬಂದ. (ನಾನು ಬರೀ ಗುಮಾಸ್ತ. ಆದರೆ ಟೇಬಲ್ಲಿನ ಆಚೆ ನಿಂತವರಿಗೆ ಈಚೆ ಕೂತವರೆಲ್ಲ ಸಾಹೇಬರೇ.) ಭಾನುವಾರ ಕಂಬಳಿ ಬಂದೇಬಿಟ್ಟಿತು! ಅಂಚಿಗೆ ಬೆರಳಗಲದ ಕೆಂಚು ಪಟ್ಟಿ ಬೇರೆ. ಬೀರಪ್ಪ ನನಗೆಂದೇ ಸ್ಪೆಷಲ್ ಡಿಸೈನ್ ಹಾಕಿದ್ದಾನೆ ಎಂದು ಸೋಮವಾರ ಆಫೀಸಿಗೆಲ್ಲ ತೋರಿಸಿದೆ.

ಈಗ ಬಸ್ಸಿಗೆ ಬನ್ನಿ.

"ತಪ್ಪು ತಿಳಿಬ್ಯಾಡ್ರಿ ಸಾಹೇಬ್ರ," ಅಂದ ಪಕ್ಕದವನು. "ಇದು ನಮ್ಮ ಕೆಂಚ ಟಗರಿನ ಉಣ್ಣಿ. ಅಂಚಿಗಂತ ಬ್ಯಾರೆ ತಗದಿಟ್ಟು ಬೀರಪ್ಪಗ ಕೊಟ್ಟಿದ್ದೆ. ಛಲೋ ಕುಂತೈತಿ."

ಅವನ ಹೆಸರು ನಿಂಗಪ್ಪ, ಕುರಿ ಕಾಯುವವನು. ಮುಂದಿನ ಮಾತಿಗೆ ಕೆಮ್ಮು ಬಿಡಲಿಲ್ಲ. ಉಳಿದದ್ದನ್ನು ಹೆಂಡತಿ ಹೇಳಿದಳು.

"ಇವರ ನೂಲು ಸೋಮಾರ ಬಿಸಲಿಗೇ ಒಣಗಿ ಮಗ್ಗಕ್ಕ ಏರಿತ್ರಿ. ಶನಿವಾರ ಕಂಬಳಿ ತರಾಕ ಹೋದ್ರ, ಯಾರೋ ಆಫೀಸಿನ ಸಾಹೇಬ್ರು ಭಾಳ ಅವಸರ ಮಾಡ್ಯಾರ, ಅವರ ನೂಲು ಮಳ್ಯಾಗ ಕೆಟ್ಟೈತಿ, ಇದನ್ನ ಅವರಿಗೆ ಕೊಡ್ತೀನಿ, ನಿಂದು ಆಮ್ಯಾಲೆ ಮಾಡ್ತೀನಿ ಅಂದನಂತ. ಇವರು ಹ್ಞೂಂ ಅಂದು ಬಂದಾರ. ಗೊಬ್ಬರಕ್ಕಂತ ಹೊಲದಾಗ ಕುರಿ ತರುಬ್ಯಾರ್ರಿ, ರಾತ್ರಿ ಕಾಯ್ಕೊಂತ ಮಲಗೂದು ಬಯಲಾಗ. ಮೊದಲ ಮಳ್ಯಾಗ ತೊಯ್ದಿದ್ರು, ಅದರ ಮ್ಯಾಲೆ ಈ ಥಂಡಿ. ಎದಿ ಹಿಡಕೊಂಡೈತಿ, ದವಾಖಾನಿಗೆ ಕರ್ಕೊಂಡು ಹೊಂಟೀನಿ."

"ಹಳೇ ಕಂಬಳಿ ಇರ್ಲಿಲ್ಲೇನು?" ಎಂದೆ.

ಕೇಳಬಾರದಿತ್ತು. ಹಳೆಯದು ಅವಳ ಮಡಿಲಲ್ಲೇ ಇತ್ತು. ಕೂಸು ಅದರೊಳಗೆ ಮಲಗಿತ್ತು.

ನಾನು ಕಂಬಳಿ ತೆಗೆದು ನಿಂಗಪ್ಪನ ಹೆಗಲಿಗೆ ಹಾಕಿದೆ. ಬ್ಯಾಡ್ರಿ, ಬ್ಯಾಡ್ರಿ ಅಂದ. ಮೈಯೆಲ್ಲ ನಡುಗುತ್ತಿತ್ತು, ಹೆಚ್ಚು ಹೊತ್ತು ಬೇಡ ಅನ್ನಲು ಆಗಲಿಲ್ಲ. ಕೊಪ್ಪಳದಲ್ಲಿ ದವಾಖಾನೆಯವರೆಗೆ ಜೊತೆಗೇ ಹೋದೆ. ನಿಮೋನಿಯಾ ಎಂದ ಡಾಕ್ಟರು ಕೂಡಲೇ ಅಡ್ಮಿಟ್ ಮಾಡಿಕೊಂಡರು. ನಾನು ಬಂದಿದ್ದ ಕಚೇರಿ ಮೀಟಿಂಗಿಗೆ ತಡವಾಗಿ ಹೋಗಿ ಬೈಸಿಕೊಂಡೆ. ಯಾರಾದರೂ ಬೈದರಲ್ಲ ಎಂದು ಸಮಾಧಾನವಾಯಿತು.

ಗುರುವಾರ ನೆಟ್ಟಗೆ ಬೀರಪ್ಪನಲ್ಲಿಗೆ ಹೋದೆ, ಕಳ್ಳನನ್ನು ಹಿಡಿದವನ ಠೀವಿಯಲ್ಲಿ. ಒಳ್ಳೆ ಬಿಸಿಲಿತ್ತು. ಬೀದಿಯಲ್ಲಿ ನೂಲು ಎಳೆದು ಗಂಜಿ ಬಳಿಯುತ್ತಿದ್ದ.

"ಅವನ ಕಂಬಳಿ ನನಗ್ಯಾಕ ಕೊಟ್ಟಿ ಬೀರಪ್ಪ?"

ಬೀರಪ್ಪ ಕೈ ನಿಲ್ಲಿಸಲಿಲ್ಲ. "ಸರದಿ ಅವನದಾ ಇತ್ರಿ. ಹಬ್ಬಕ್ಕಿಂತ ಮೊದಲ ಉಣ್ಣಿ ತಂದು ಹಾಕಿದ್ದ. ಆದ್ರ ನಿಂಗಪ್ಪ ನಡುವ ಒಮ್ಮಿನೂ ಬಂದು ಕೇಳಲಿಲ್ಲ. ನೀವು ಮೂರು ಸಲ ಮಂದೀನ ಕಳಿಸಿದ್ರಿ. ಅದರಾಗ ನನ್ನ ಮನಿ ಜಾಗಾದ ಅರ್ಜಿ ನಿಮ್ಮ ಕೈಯಾಗ ಐತಿ. ನಾ ಹೆಂಗ ಇಲ್ಲ ಅನ್ನಲಿ, ನೀವಾ ಹೇಳ್ರಿ?"

ಬಂದ ದಾರಿಗೆ ಸುಂಕವಿಲ್ಲದಂತೆ ವಾಪಸಾದೆ.

ನಿನ್ನೆ ಖಾಸಿಂ ಕೊಪ್ಪಳಕ್ಕೆ ಹೋಗಿದ್ದ. ದವಾಖಾನೆಗೆ ಹೋಗಿ ನೋಡಿಕೊಂಡು ಬಾ ಎಂದಿದ್ದೆ. (ಈ ಸಲ ಅವಸರ ಮಾಡಲಿಲ್ಲ.) ನಿಂಗಪ್ಪನ ಜ್ವರ ಇಳಿದಿದೆಯಂತೆ. ಆದರೆ ಈ ಚಳಿಗಾಲ ಮುಗಿಯುವವರೆಗೆ ಬಯಲಲ್ಲಿ ಮಲಗಕೂಡದು ಎಂದಿದ್ದಾರಂತೆ ಡಾಕ್ಟರು. ಬಯಲು ಬಿಟ್ಟು ಕುರಿ ಕಾಯುವುದು ಹೇಗೆ ಎಂದು ಅವರು ಹೇಳಿಲ್ಲ. ಖಾಸಿಂನ ಕಂಕುಳಲ್ಲಿ ನನ್ನ ಕಂಬಳಿ ಇತ್ತು, ನೀಟಾಗಿ ಮಡಚಿದ್ದು.

"ದವಾಖಾನ್ಯಾಗ ಕೆಂಪು ರಗ್ಗು ಕೊಟ್ಟಾರಂತ್ರಿ ಸರ್. ಸಾಹೇಬ್ರ ಕಂಬಳಿ ಹೊಲಸಾದೀತು, ಮುಟ್ಟಿಸಿಬಿಡಪಾ ಅಂದ್ಲು ಆ ತಾಯಿ."

ಸಾಹೇಬರ ಕಂಬಳಿ! ನಾಳೆ ಭಾನುವಾರ, ಅದನ್ನು ನಾನೇ ಒಯ್ದು ಅವನಿಗೆ ಕೊಟ್ಟು ಬರುತ್ತೇನೆ. ಇಷ್ಟು ಮಾಡಿದರೆ ನನ್ನ ತಪ್ಪು ತೊಳೆದು ಹೋಗುತ್ತದೆ ಎಂದೇನೂ ನಾನು ತಿಳಿದಿಲ್ಲ.

ಇವತ್ತು ಕಚೇರಿಗೆ ಹೋದವನೇ ಕಪಾಟು ತೆಗೆದು ಬೀರಪ್ಪನ ಅರ್ಜಿ ಹುಡುಕಿದೆ. ಸಿಗಲು ಅರ್ಧ ತಾಸು ಹಿಡಿಯಿತು. ಎಲ್ಲಕ್ಕಿಂತ ಕೆಳಗಿತ್ತು. ಎರಡು ವರ್ಷದ ಹಿಂದಿನದು. ಅದಾದ ಮೇಲೆ ಬಂದ ಎಷ್ಟೋ ಅರ್ಜಿಗಳನ್ನು ನಾನೇ ಈ ಕೈಯಿಂದ ಮುಂದೆ ದಾಟಿಸಿದ್ದೇನೆ, ದಿನಾ ಬಂದು ಕೇಳಿದರು ಎಂದು. ಬೀರಪ್ಪ ಒಮ್ಮೆಯೂ ಬಂದು ಕೇಳಿರಲಿಲ್ಲ.

ಹಾಗೆ ಕೇಳದೆ ಸುಮ್ಮನಿದ್ದವರು ನನ್ನ ಕಪಾಟಿನಲ್ಲಿ ಇನ್ನೂ ಎಷ್ಟು ಜನ ಚಳಿಗೆ ಕೂತಿದ್ದಾರೆ?